ನಾಲ್ಕು ಲೀಟರ್ ಪೆಟ್ಟಿಗೆಯಿಂದ 55 ಹರ್ಟ್ಸ್: ಡಿಎಸ್‌ಪಿ ಇರುವ ಬ್ಲೂಟೂತ್ ಸ್ಪೀಕರ್‌ನ ಒಂದು ಪ್ರಕರಣ

ಪೆಟ್ಟಿಗೆಗೆ ಮೊದಲ ಸಲ ಬ್ಯಾಟರಿ ಕೊಟ್ಟಾಗ ಹಾಡಿಗಿಂತ ಮುಂಚೆ ಮೂರು ಸದ್ದು ಕೇಳಿಸಿದವು. ಸ್ವಿಚ್ ಒತ್ತಿದ ಕೂಡಲೇ ಬಾಸ್ ನುಡಿಸುವ ವೂಫರ್‌ನಿಂದ ‘ಧಪ್’. ಅದರ ಬೆನ್ನಿಗೇ ಟ್ರೆಬಲ್ ನುಡಿಸುವ ಟ್ವೀಟರ್‌ನಿಂದ ಬಿಡದೆ ‘ಸ್ಸ್’. ಫೋನ್ ಜೋಡಿಯಾಗುತ್ತಿದ್ದಂತೆ ಸೊಳ್ಳೆ ಕಿವಿಯ ಹತ್ತಿರ ಬಂದ ಹಾಗೆ ‘ಕೀಂ’, ನಡುನಡುವೆ ‘ಟಿಕ್ ಟಿಕ್’. ಸೌಂಡನ್ನು ಬೇಕಾದಂತೆ ತಿದ್ದಿಕೊಳ್ಳಬಹುದು ಎಂದೇ ಡಿಎಸ್‌ಪಿ (ಸದ್ದನ್ನು ಅಂಕಿಗಳಾಗಿಸಿ ತಿದ್ದುವ ಚಿಪ್) ಹಾಕಿದ ಪೆಟ್ಟಿಗೆ ಇದು. ಆದರೆ ಈ ಮೂರರಲ್ಲಿ ಒಂದನ್ನೂ ಡಿಎಸ್‌ಪಿಯ ಫಿಲ್ಟರಿನಿಂದ ತೆಗೆಯಲಾಗಲಿಲ್ಲ. ಒಂದೊಂದಕ್ಕೂ ಐರನ್ ಹಿಡಿದು ಬೆಸುಗೆ ಬಿಚ್ಚಬೇಕಾಯಿತು.

ಬೇಕಿದ್ದದ್ದು ಒಂದು ಕೈಯಲ್ಲಿ ಎತ್ತಬಹುದಾದ, ಬ್ಯಾಟರಿಯಲ್ಲಿ ನಡೆಯುವ ಒಂಟಿ ಪೆಟ್ಟಿಗೆಯ ಮೋನೋ ಸ್ಪೀಕರ್. ಬಾಸ್, ಟ್ರೆಬಲ್ ಎರಡೂ ಗುಂಡಿ ತಿರುಗಿಸಿದರೆ ಬದಲಾಗಬೇಕು. ಕ್ರಾಸ್‌ಓವರ್‌ನಿಂದ (ಸದ್ದನ್ನು ವೂಫರ್, ಟ್ವೀಟರ್‌ಗೆ ಹಂಚುವ ಫಿಲ್ಟರ್) ಲಿಮಿಟರ್‌ವರೆಗೆ (ಮಟ್ಟ ಮಿತಿ ಮೀರದಂತೆ ತಡೆಯುವುದು) ಒಳಗಿನದೆಲ್ಲವನ್ನೂ ಲ್ಯಾಪ್‌ಟಾಪ್ ಜೋಡಿಸಿ ತಿದ್ದುವಂತಿರಬೇಕು. ಇದಕ್ಕೆ ಆರಿಸಿಕೊಂಡದ್ದು 5 ಇಂಚಿನ 4 ಓಮ್ ವೂಫರ್, 1 ಇಂಚಿನ ರೇಷ್ಮೆ ಡೋಮ್‌ನ ಚಿಕ್ಕ ನಿಯೋಡಿಮಿಯಮ್ ಟ್ವೀಟರ್ (ಅದೂ 4 ಓಮ್), ಅನಲಾಗ್ ಡಿವೈಸಸ್‌ನ ಎಡಿಎಯು1701 ಚಿಪ್ ಇರುವ ಡಿಎಸ್‌ಪಿ ಬೋರ್ಡು, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರುವ ಸ್ಟೀರಿಯೋ ಆಂಪ್ಲಿಫೈಯರ್ ಬೋರ್ಡು, ಒಂದು ಬ್ಲೂಟೂತ್ ಮಾಡ್ಯೂಲ್ ಮತ್ತು 2600 ಎಂಎಎಚ್‌ನ ಎಂಟು 18650 ಲಿಥಿಯಮ್ ಸೆಲ್ಲುಗಳು. ಆಂಪ್‌ನ ಒಂದು ಚಾನಲ್ ವೂಫರ್‌ಗೆ, ಇನ್ನೊಂದು ಟ್ವೀಟರ್‌ಗೆ. ಪಾಟ್ (ಗುಂಡಿಯಿಂದ ತಿರುಗಿಸುವ ರೆಸಿಸ್ಟರ್), ಫ್ಯೂಸ್, ವೈರು, ಕೆಪಾಸಿಟರ್‌ಗಳಿಗೆ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಸಾಕು. ಡಿಎಸ್‌ಪಿ ಬೋರ್ಡು ಮತ್ತು ಅದನ್ನು ಪ್ರೋಗ್ರಾಂ ಮಾಡುವ ಯುಎಸ್‌ಬಿ ಅಡಾಪ್ಟರನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು ಸುಲಭ.

ಎಡಿಎಯು1701 ಹೊಸ ಚಿಪ್ಪೇನಲ್ಲ. ಆದರೂ ಈ ಕೆಲಸಕ್ಕೆ ಅದು ಸಾಕು. ಎರಡು ಎಡಿಸಿ (ಅನಲಾಗನ್ನು ಡಿಜಿಟಲ್ ಮಾಡುವವು), ನಾಲ್ಕು ಡಿಎಸಿ (ಡಿಜಿಟಲನ್ನು ಅನಲಾಗ್ ಮಾಡುವವು) ಒಳಗೇ ಇವೆ. 48 ಕಿಲೋಹರ್ಟ್ಸ್‌ನಲ್ಲಿ ಪ್ರತಿ ಸ್ಯಾಂಪಲ್‌ಗೆ 1024 ಸೂಚನೆ ನಡೆಸುತ್ತದೆ. ಸಿಗ್ಮಾಸ್ಟುಡಿಯೋ ಎಂಬ ಉಚಿತ ತಂತ್ರಾಂಶದಲ್ಲಿ ಫಿಲ್ಟರ್ ಬ್ಲಾಕುಗಳನ್ನು ಎಳೆದು ತಂದು ಗೆರೆ ಜೋಡಿಸಿದರೆ ಪ್ರೋಗ್ರಾಂ ಸಿದ್ಧ.

ಪೆಟ್ಟಿಗೆ

ವೂಫರನ್ನು ಅಳೆದಾಗ ಸಿಕ್ಕ ಅಂಕಿಗಳು: ಅನುರಣನ (ಕೋನ್ ತಾನಾಗಿ ಕಂಪಿಸುವ ಆವರ್ತನ) 60 ಹರ್ಟ್ಸ್, ಒಟ್ಟು ಕ್ಯೂ (ಆ ಕಂಪನ ಎಷ್ಟು ಮೊನಚು ಎನ್ನುವ ಅಂಕಿ) 0.45, ವಿಎಎಸ್ (ಕೋನ್‌ನ ಸ್ಪ್ರಿಂಗಿಗೆ ಸಮನಾದ ಗಾಳಿಯ ಗಾತ್ರ) 7 ಲೀಟರ್. ಗಾಳಿಯಾಡದ 4 ಲೀಟರ್ ಪೆಟ್ಟಿಗೆಯಲ್ಲಿ ಕೂರಿಸಿದರೆ 1 ಕೂಡಿಸು 7/4, ಅದರ ವರ್ಗಮೂಲ 1.66. ಅನುರಣನವೂ ಕ್ಯೂ ಕೂಡ ಇಷ್ಟು ಪಟ್ಟು ಏರುತ್ತವೆ. ಅಂದರೆ 100 ಹರ್ಟ್ಸ್, 0.75. ಪೋರ್ಟ್ (ಗಾಳಿ ಆಡುವ ಕೊಳವೆ) ಬಿಟ್ಟು ಮುಚ್ಚಿದ ಪೆಟ್ಟಿಗೆ ಆರಿಸಿದ್ದಕ್ಕೆ ಕಾರಣವಿದೆ. ಮುಚ್ಚಿದ ಪೆಟ್ಟಿಗೆಯ ಬಾಸ್ ಇಳಿಜಾರು ಆಕ್ಟೇವ್‌ಗೆ (ಆವರ್ತನ ಅರ್ಧವಾದಾಗೊಮ್ಮೆ) 12 ಡೆಸಿಬಲ್, ನಯವಾದದ್ದು. ಅದನ್ನು ಫಿಲ್ಟರ್‌ನಿಂದ ಲೆಕ್ಕ ತಪ್ಪದೆ ಕೆಳಗೆ ಚಾಚಬಹುದು. ಪೋರ್ಟ್ ಇದ್ದರೆ ಅದರ ಆವರ್ತನದಿಂದ ಕೆಳಗೆ ಕೋನ್‌ಗೆ ಹಿಂದಿನ ಗಾಳಿಯ ಆಸರೆಯೇ ಇರುವುದಿಲ್ಲ. ಅಲ್ಲಿ ಬೂಸ್ಟ್ ಕೊಟ್ಟರೆ ಕೋನ್ ಕಿತ್ತು ಬರುವಷ್ಟು ಆಡುತ್ತದೆ.

15 ಮಿಲಿಮೀಟರ್ ಪ್ಲೈವುಡ್. ಒಳಗಿನ ಅಳತೆ 140 × 220 × 146 ಮಿಲಿಮೀಟರ್, ಅಂದರೆ 4.5 ಲೀಟರ್. ವೂಫರ್‌ನ ಬೆನ್ನು ಮತ್ತು ಒಂದು ಅಡ್ಡಪಟ್ಟಿ ಅರ್ಧ ಲೀಟರ್ ತಿನ್ನುತ್ತವೆ. ಕೆಳಗೆ 60 ಮಿಲಿಮೀಟರ್ ಎತ್ತರದ ಬೇರೆ ಖಾನೆ. ಬ್ಯಾಟರಿ, ಬೋರ್ಡುಗಳೆಲ್ಲ ಅಲ್ಲಿ. ಒಂದೇ ಖಾನೆಯಲ್ಲಿ ಎಲ್ಲವನ್ನೂ ತುಂಬಿದರೆ ಪಾಟ್‌ನ ಕಡ್ಡಿ, ಚಾರ್ಜಿಂಗ್ ಸಾಕೆಟ್, ಸ್ವಿಚ್ಚು ಇವೆಲ್ಲದರ ಸುತ್ತ ಗಾಳಿ ಸೋರುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಒಂದು ಹಿಡಿ, ಹಿಂಭಾಗದ ಹಲಗೆಗೆ ತಾಗಿದಂತೆ.

ಖಾನೆ ಬೇರೆ ಮಾಡಿದ ಮೇಲೂ ಸೋರಿಕೆ ಉಳಿದಿತ್ತು. ಇಂಪಿಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಅಳೆದಾಗ 100 ಹರ್ಟ್ಸ್ ಬಳಿಯ ಶಿಖರ ಲೆಕ್ಕಕ್ಕಿಂತ ಕುಳ್ಳಗಿತ್ತು. ಪತ್ತೆಗೆ ಒಂದು ಊದುಬತ್ತಿ ಸಾಕಾಯಿತು. 40 ಹರ್ಟ್ಸ್‌ನ ಶುದ್ಧ ಸ್ವರವನ್ನು ಸಣ್ಣ ಪ್ರಮಾಣದಲ್ಲಿ ಹಾಕಿ, ಹೊಗೆಯ ಎಳೆಯನ್ನು ಜೋಡಣೆಗಳ ಉದ್ದಕ್ಕೂ ನಿಧಾನ ಒಯ್ದರೆ ಸೋರುವ ಜಾಗದಲ್ಲಿ ಎಳೆ ನಡುಗುತ್ತದೆ. ನಡುಗಿದ್ದು ಎರಡು ಕಡೆ: ಸ್ಪೀಕರ್ ವೈರು ಕೆಳಗಿನ ಖಾನೆಗೆ ಇಳಿಯುವ ತೂತು, ಟ್ವೀಟರ್‌ನ ಕೆಳಗಿನ ಮೂಲೆ. ತೂತಿಗೆ ಎಂ-ಸೀಲ್ ಮೆತ್ತಿ, ಟ್ವೀಟರ್‌ಗೆ ಫೋಮ್ ಪಟ್ಟಿ ಹಾಕಿದ ಮೇಲೆ ಶಿಖರ ಲೆಕ್ಕಕ್ಕೆ ಬಂತು. ಇಲ್ಲಿ ಬಿಟ್ಟ ತೂತಿಗೆ ಮುಂದೆ ಫಿಲ್ಟರ್‌ನಲ್ಲಿ ಬೂಸ್ಟ್ ಕೊಡುತ್ತ ಕೂತರೆ ತೂತೇ ಸೀಟಿ ಊದುತ್ತದೆ.

ಬ್ಯಾಟರಿ

ನಾಲ್ಕು ಸರಣಿ, ಎರಡು ಸಮಾಂತರ. ತುಂಬಿದಾಗ 16.8 ವೋಲ್ಟ್, ಮುಗಿಯುತ್ತ ಬಂದಾಗ 13ರ ಕೆಳಗೆ. ಒಟ್ಟು ಸುಮಾರು 75 ವ್ಯಾಟ್-ಅವರ್. ಸುಮ್ಮನೆ ಇದ್ದಾಗಲೇ ಎಲ್ಲ ಬೋರ್ಡು ಸೇರಿ 2 ವ್ಯಾಟ್ ಹತ್ತಿರ ಎಳೆಯುತ್ತವೆ, ಮನೆಯೊಳಗಿನ ಮಟ್ಟದಲ್ಲಿ ಹಾಡಿದರೆ ಇನ್ನೆರಡು ಮೂರು. ಹನ್ನೆರಡು ಗಂಟೆ ಧಾರಾಳ. ಸೆಲ್ಲಿಗೆ ನೇರ ಬೆಸುಗೆ ಹಾಕಬಾರದು, ಒಳಗಿನ ಸೀಲು ಬೆಂದುಹೋಗುತ್ತದೆ. ನಿಕಲ್ ಪಟ್ಟಿಗೆ ಸ್ಪಾಟ್ ವೆಲ್ಡಿಂಗ್ ಮಾಡಿಸಬೇಕು. ಪ್ಲಸ್ ತುದಿಯಿಂದ ನಾಲ್ಕು ಬೆರಳು ದೂರದೊಳಗೆ ಕಾರಿಗೆ ಹಾಕುವ 7.5 ಆಂಪಿಯರ್ ಬ್ಲೇಡ್ ಫ್ಯೂಸ್. ಚಾರ್ಜಿಗೆ 16.8 ವೋಲ್ಟ್, 2 ಆಂಪಿಯರ್‌ನ ಲಿಥಿಯಮ್ ಚಾರ್ಜರೇ ಆಗಬೇಕು. ಮನೆಯಲ್ಲಿ ಬಿದ್ದಿರುವ 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್ ಆಗದು. ಬಿಎಂಎಸ್ (ಬ್ಯಾಟರಿ ಕಾಯುವ) ಬೋರ್ಡು ಇರುವುದು ಕೊನೆಯ ಕಾವಲಿಗೆ, ದಿನದಿನದ ಚಾರ್ಜ್ ನಿಲ್ಲಿಸುವುದಕ್ಕಲ್ಲ.

ಮೊದಲ ದಿನ ಸ್ವಿಚ್ ಹಾಕಿದರೆ ಕೆಲವು ಸಲ ಏನೂ ಆಗುತ್ತಿರಲಿಲ್ಲ. ಬಿಎಂಎಸ್ ಸತ್ತಂತೆ ಕೂತಿರುತ್ತಿತ್ತು, ಚಾರ್ಜರ್ ತೋರಿಸಿದರೆ ಎದ್ದುಬಿಡುತ್ತಿತ್ತು. ಆಂಪ್ ಬೋರ್ಡಿನ ದೊಡ್ಡ ಕೆಪಾಸಿಟರ್‌ಗಳು ಖಾಲಿ ಇದ್ದಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಬಿಎಂಎಸ್ ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಕಡಿದುಹಾಕುತ್ತಿತ್ತು. ಸ್ವಿಚ್ಚಿನ ನಂತರ 5 ಓಮ್‌ನ ಒಂದು ಎನ್‌ಟಿಸಿ (ಬಿಸಿಯಾದಂತೆ ತಡೆ ಇಳಿಯುವ ರೆಸಿಸ್ಟರ್) ಸೇರಿಸಿದ್ದೇ ಪರಿಹಾರ.

ಮೂರು ಸದ್ದುಗಳ ಲೆಕ್ಕ

‘ಧಪ್’ ಸುಲಭದ್ದು. ಆಂಪ್ ಎದ್ದ ಮೇಲೆ ಡಿಎಸ್‌ಪಿ ಏಳುತ್ತಿತ್ತು. ಡಿಎಸಿ ತನ್ನ ಅರ್ಧ ವೋಲ್ಟೇಜಿಗೆ ಏರುವ ನೆಗೆತ ನೇರವಾಗಿ ವೂಫರ್‌ಗೆ ಹೋಗುತ್ತಿತ್ತು. ಟಿಪಿಎ3116ರ ಶಟ್‌ಡೌನ್ ಕಾಲನ್ನು (ಪಿನ್) ಬೋರ್ಡಿನಲ್ಲಿ ನೇರ ಮೇಲಕ್ಕೆ ಎಳೆದಿದ್ದ ರೆಸಿಸ್ಟರ್ ಕಿತ್ತು, 5 ವೋಲ್ಟ್‌ನಿಂದ 100 ಕಿಲೋ ಓಮ್ ಮೂಲಕ, ನೆಲಕ್ಕೆ (ಗ್ರೌಂಡ್) 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೊತೆ ಕೊಡಲಾಯಿತು. ಆ ಕಾಲು 2 ವೋಲ್ಟ್ ಮುಟ್ಟಲು ಅರ್ಧ ಸೆಕೆಂಡು. ಅಷ್ಟರಲ್ಲಿ ಡಿಎಸ್‌ಪಿ ನೆಲೆಯೂರಿರುತ್ತದೆ. 100 ಕಿಲೋ ಓಮ್‌ಗೆ ಅಡ್ಡವಾಗಿ ಒಂದು ಡಯೋಡ್ ಹಾಕಿದರೆ ಆರಿಸುವಾಗಲೂ ಆಂಪ್ ಮೊದಲು ಮಲಗುತ್ತದೆ.

‘ಸ್ಸ್’ ಮಾತ್ರ ಪೂರ್ತಿ ಲೆಕ್ಕಾಚಾರದ ವಿಷಯ. ಇಂಥ ಪೆಟ್ಟಿಗೆಗಳಲ್ಲಿ ಅತಿ ಹೆಚ್ಚು ಕೆಡುವ ಜಾಗವೂ ಇದೇ. ಡಿಎಸ್‌ಪಿಯ ಡಿಎಸಿ ಪೂರ್ಣ ಮಟ್ಟದಲ್ಲಿ ಕೊಡುವುದು 0.9 ವೋಲ್ಟ್. ಆಂಪ್ ಬೋರ್ಡು ಬಂದದ್ದು 32 ಡೆಸಿಬಲ್ ಗೇನ್‌ನಲ್ಲಿ, ಅಂದರೆ 40 ಪಟ್ಟು. 0.9ರ 40 ಪಟ್ಟು 36 ವೋಲ್ಟ್. ಬ್ಯಾಟರಿ ಮುಗಿಯುವ ಹೊತ್ತಿಗೆ ಆಂಪ್ ಕೊಡಬಲ್ಲದ್ದು 9 ವೋಲ್ಟ್ ಮಾತ್ರ. ಹಾಗಾದರೆ ಡಿಎಸಿಯ ಮೇಲಿನ 12 ಡೆಸಿಬಲ್ ಎಂದೂ ಬಳಕೆಯಾಗುವುದಿಲ್ಲ, ಅದರ ತಳದ ಗದ್ದಲ ಮಾತ್ರ 12 ಡೆಸಿಬಲ್ ಹೆಚ್ಚಾಗಿ ಹೊರಬರುತ್ತದೆ. ಟಿಪಿಎ3116ರಲ್ಲಿ ಗೇನನ್ನು ಎರಡು ರೆಸಿಸ್ಟರ್ ನಿರ್ಧರಿಸುತ್ತವೆ. 32 ಡೆಸಿಬಲ್‌ಗೆ ನೆಲದ ಕಡೆ 39 ಕಿಲೋ ಓಮ್, ಮೇಲಿನ ಕಡೆ 100 ಕಿಲೋ ಓಮ್. 20 ಡೆಸಿಬಲ್‌ಗೆ ಮೇಲಿನದನ್ನು ಕಿತ್ತು, ನೆಲದ ಕಡೆಗೆ 5.6 ಕಿಲೋ ಓಮ್ ಹಾಕಬೇಕು. ಪವರ್ ಕೊಡುವ ಗಳಿಗೆಯಲ್ಲಷ್ಟೇ ಚಿಪ್ ಇದನ್ನು ಓದುತ್ತದೆ, ಆದ್ದರಿಂದ ಬದಲಿಸಿದ ಮೇಲೆ ಒಮ್ಮೆ ಆರಿಸಿ ಹಾಕಬೇಕು. 20 ಡೆಸಿಬಲ್ ಅಂದರೆ 10 ಪಟ್ಟು, 0.9 ವೋಲ್ಟ್ 9 ಆಗುತ್ತದೆ. ಡಿಎಸಿಯ ತುದಿ, ಮುಗಿಯುವ ಬ್ಯಾಟರಿಯ ತುದಿ ಎರಡೂ ಒಂದೇ ಗೆರೆಗೆ ಬಂದು ನಿಂತವು. ಡಿಎಸ್‌ಪಿಯ ಕೊನೆಯಲ್ಲಿ ಪೂರ್ಣ ಮಟ್ಟಕ್ಕಿಂತ 1 ಡೆಸಿಬಲ್ ಕೆಳಗೆ ಲಿಮಿಟರ್ ಇಟ್ಟರೆ, ಬ್ಯಾಟರಿ ತುಂಬಿರಲಿ ಬರಿದಾಗುತ್ತಿರಲಿ ಆಂಪ್ ಕರಕರ ಎನ್ನುವುದಿಲ್ಲ. ತುಂಬಿದ ಬ್ಯಾಟರಿಯ ಮೇಲೆ ಸಿಗಬಹುದಾದ ಇನ್ನೆರಡು ಡೆಸಿಬಲ್ ಕೈಬಿಟ್ಟಂತಾಯಿತು, ನಿಜ. ಬ್ಯಾಟರಿ ಇಳಿದಂತೆ ಒಡೆಯುವ ಸ್ಪೀಕರ್‌ಗಿಂತ ಅದು ಮೇಲು.

ಒಳಬರುವ ಕಡೆಯೂ ಇದೇ ಲೆಕ್ಕ. ಎಡಿಎಯು1701ರ ಎಡಿಸಿ ವೋಲ್ಟೇಜ್ ಅಳೆಯುವುದಿಲ್ಲ, ಕರೆಂಟ್ ಅಳೆಯುತ್ತದೆ. 100 ಮೈಕ್ರೋಆಂಪಿಯರ್ ಬಂದರೆ ಪೂರ್ಣ. ಚಿಪ್ಪಿನೊಳಗೆ 2 ಕಿಲೋ ಓಮ್ ಇದೆ, ಹೊರಗೆ ಸಾಮಾನ್ಯವಾಗಿ 18 ಹಾಕುತ್ತಾರೆ, ಹಾಗಾಗಿ ಪೂರ್ಣ ಮಟ್ಟ 2 ವೋಲ್ಟ್. ಈ ಬ್ಲೂಟೂತ್ ಮಾಡ್ಯೂಲ್ ಕೊಡುವುದು ಹೆಚ್ಚೆಂದರೆ 0.9 ವೋಲ್ಟ್. 18ರ ಜಾಗದಲ್ಲಿ 8.2 ಕಿಲೋ ಓಮ್ ಹಾಕಿದರೆ ಪೂರ್ಣ ಮಟ್ಟ 1.02 ವೋಲ್ಟ್‌ಗೆ ಇಳಿಯುತ್ತದೆ. ಸುಮಾರು 6 ಡೆಸಿಬಲ್ ಗದ್ದಲ ಬಿಟ್ಟಿಯಾಗಿ ಕಡಿಮೆ.

ಇಷ್ಟಾದರೂ ಟ್ವೀಟರ್‌ಗೆ ಕಿವಿ ಕೊಟ್ಟರೆ ಇನ್ನೂ ತುಸು ಕೇಳುತ್ತಿತ್ತು. ಟ್ವೀಟರ್ ವೂಫರ್‌ಗಿಂತ 6 ಡೆಸಿಬಲ್ ಜೋರು. ಅದನ್ನು ಡಿಎಸ್‌ಪಿಯಲ್ಲಿ ತಗ್ಗಿಸಿದರೆ ಹಾಡು ತಗ್ಗುತ್ತದೆ, ಡಿಎಸಿಯಿಂದ ಮುಂದೆ ಹುಟ್ಟುವ ಹಿಸ್ ತಗ್ಗುವುದಿಲ್ಲ. ಆದ್ದರಿಂದ ಆಂಪ್ ಮತ್ತು ಟ್ವೀಟರ್ ನಡುವೆ ಸರಣಿಯಲ್ಲಿ 2.2 ಓಮ್, ಟ್ವೀಟರ್‌ಗೆ ಅಡ್ಡವಾಗಿ 3.9 ಓಮ್, ಎರಡೂ 5 ವ್ಯಾಟ್‌ನವು. ಆಂಪ್‌ಗೆ ಕಾಣುವ ಹೊರೆ ಮೊದಲಿನಂತೆಯೇ 4 ಓಮ್ ಚಿಲ್ಲರೆ, ಹಾಡು ಹಿಸ್ ಎರಡೂ ಒಟ್ಟಿಗೆ ಆರೂವರೆ ಡೆಸಿಬಲ್ ಕೆಳಗೆ. ಇದರ ಮುಂದೆ 33 ಮೈಕ್ರೋಫ್ಯಾರಡ್‌ನ ಧ್ರುವವಿಲ್ಲದ ಕೆಪಾಸಿಟರ್. ಡಿಎಸ್‌ಪಿ ಎಂದಾದರೂ ತಪ್ಪು ಪ್ರೋಗ್ರಾಂನೊಂದಿಗೆ ಎದ್ದರೆ ಬಾಸ್ ಪೂರ್ತಿ ಟ್ವೀಟರ್‌ಗೆ ಹೋಗುತ್ತದೆ. ಆಗ ಅದನ್ನು ಉಳಿಸುವುದು ಈ ಕೆಪಾಸಿಟರ್ ಒಂದೇ. ಪ್ರಯೋಗದ ದಿನಗಳಲ್ಲಿ ಇದಿಲ್ಲದೆ ಟ್ವೀಟರ್ ಜೋಡಿಸುವುದು ದುಡುಕು.

‘ಕೀಂ’ ಬಂದದ್ದು ನೆಲದ ವೈರಿನಿಂದ. ಆಂಪ್, ಡಿಎಸ್‌ಪಿ, ಬ್ಲೂಟೂತ್ ಮೂರೂ ಒಂದೇ ಬ್ಯಾಟರಿಯಿಂದ ಉಣ್ಣುತ್ತವೆ, ಮೂರರ ನೆಲವೂ ಎರಡು ದಾರಿಯಲ್ಲಿ ಕೂಡುತ್ತದೆ: ಒಂದು ಪವರ್ ವೈರಿನಲ್ಲಿ, ಇನ್ನೊಂದು ಆಡಿಯೋ ವೈರಿನಲ್ಲಿ. ರೇಡಿಯೋ ಮಾತಾಡಿದಾಗಲೆಲ್ಲ ಬ್ಲೂಟೂತ್ ಮಾಡ್ಯೂಲ್ ಎಳೆಯುವ ಕರೆಂಟಿನ ಒಂದು ಪಾಲು ಆಡಿಯೋ ನೆಲದಲ್ಲೂ ಹರಿದು, ಅಲ್ಲಿ ಹುಟ್ಟುವ ಸಣ್ಣ ವೋಲ್ಟೇಜನ್ನು ಎಡಿಸಿ ಹಾಡೆಂದೇ ಓದುತ್ತದೆ. ಪರಿಹಾರ, ಬಿ0505ಎಸ್ ಎಂಬ 1 ವ್ಯಾಟ್‌ನ ಪುಟ್ಟ ಪರಿವರ್ತಕ. 5 ವೋಲ್ಟ್ ತೆಗೆದುಕೊಂಡು, ನಡುವೆ ಸಂಪರ್ಕ ಕಡಿದು, ಮತ್ತೆ 5 ವೋಲ್ಟ್ ಕೊಡುತ್ತದೆ. ಅದು ಬ್ಲೂಟೂತ್‌ಗೆ ಮಾತ್ರ. ಈಗ ಬ್ಲೂಟೂತ್‌ನ ನೆಲಕ್ಕೆ ಒಂದೇ ದಾರಿ, ಆಡಿಯೋ ವೈರು. ಸದ್ದು ನಿಂತಿತು. ಮರುದಿನ ಮತ್ತೆ ಬಂತು. ಜೋಡಣೆ ಸೂಚಿಸುವ ಎಲ್‌ಇಡಿಯ ಕಾಲನ್ನು ಹತ್ತಿರವಿದೆಯೆಂದು ಆಂಪ್‌ನ ನೆಲಕ್ಕೆ ಕಟ್ಟಲಾಗಿತ್ತು. ಪ್ರತ್ಯೇಕಿಸಿದ ನೆಲವನ್ನು ಒಂದೇ ಒಂದು ಎಲ್‌ಇಡಿ ಸಾಕು, ಮತ್ತೆ ಕೂಡಿಸಿಬಿಡುತ್ತದೆ.

ಡಿಜಿಟಲ್ ದಾರಿ ಯಾಕೆ ಬೇಡವಾಯಿತು

ಬ್ಲೂಟೂತ್ ಮಾಡ್ಯೂಲ್‌ನಿಂದ ಐಟೂಎಸ್ (ಚಿಪ್‌ಗಳ ನಡುವಿನ ಡಿಜಿಟಲ್ ಆಡಿಯೋ ದಾರಿ) ಮೂಲಕ ಡಿಜಿಟಲ್ ಆಗಿಯೇ ಡಿಎಸ್‌ಪಿಗೆ ಕೊಟ್ಟರೆ ಮಧ್ಯದ ಎರಡು ಪರಿವರ್ತನೆ ಉಳಿಯುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಮೊದಲು ಹಾಗೇ ಜೋಡಿಸಲಾಗಿತ್ತು, ಆ ‘ಟಿಕ್ ಟಿಕ್’ ಅದರದ್ದೇ ಫಲ. ಬ್ಲೂಟೂತ್‌ನಲ್ಲಿ ಹಾಡು ಹೆಚ್ಚಾಗಿ ಬರುವುದು 44.1 ಕಿಲೋಹರ್ಟ್ಸ್‌ನಲ್ಲಿ, ಡಿಎಸ್‌ಪಿ ನಡೆಯುವುದು ತನ್ನದೇ 48ರಲ್ಲಿ. ಎರಡನ್ನೂ 48ಕ್ಕೆ ಇಟ್ಟರೂ ಎರಡು ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದೇ ಇರುತ್ತದೆ ಎಂದುಕೊಳ್ಳಿ. ಸೆಕೆಂಡಿಗೆ ಎರಡು ಮೂರು ಸ್ಯಾಂಪಲ್ ಜಾರುತ್ತವೆ, ಜಾರಿದಾಗೊಮ್ಮೆ ಟಿಕ್. ದರ ಸರಿಹೊಂದಿಸುವ ಪರಿವರ್ತಕ ಎಡಿಎಯು1701ರಲ್ಲಿ ಇಲ್ಲ, ಅದೇ ಮನೆತನದ ದೊಡ್ಡ ಚಿಪ್ ಎಡಿಎಯು1452ರಲ್ಲಿ ಇದೆ.

ಮಾಡ್ಯೂಲ್‌ನ ಬಿಟ್ ಕ್ಲಾಕನ್ನೇ ಡಿಎಸ್‌ಪಿಗೆ ಮುಖ್ಯ ಕ್ಲಾಕಾಗಿ ಕೊಡುವ ಉಪಾಯ ಒಂದುಂಟು, ಸ್ಯಾಂಪಲ್ ದರದ 64 ಪಟ್ಟಿನ ಕ್ಲಾಕನ್ನು ಅದರ ಪಿಎಲ್ಎಲ್ (ಕ್ಲಾಕ್ ಹೊಂದಿಸುವ ಭಾಗ) ಒಪ್ಪುತ್ತದೆ. ಆದರೆ ಹಾಡು ನಿಲ್ಲಿಸಿದಾಗ ಮಾಡ್ಯೂಲ್ ಕ್ಲಾಕನ್ನೂ ನಿಲ್ಲಿಸಿದರೆ ಡಿಎಸ್‌ಪಿ ಅರ್ಧ ಉಸಿರಿನಲ್ಲಿ ಸಿಕ್ಕಿಬೀಳುತ್ತದೆ. ಮೇಲಾಗಿ 48ಕ್ಕೆಂದು ಲೆಕ್ಕ ಹಾಕಿದ ಫಿಲ್ಟರ್‌ಗಳು 44.1ರಲ್ಲಿ ನಡೆದರೆ ಎಲ್ಲವೂ ಶೇಕಡಾ 8ರಷ್ಟು ಕೆಳಗೆ ಜಾರುತ್ತವೆ. 2600 ಹರ್ಟ್ಸ್‌ನ ಕ್ರಾಸ್‌ಓವರ್ 2390ಕ್ಕೆ ಬಂದು ನಿಲ್ಲುತ್ತದೆ. ಅನಲಾಗ್ ವೈರಿಗೆ ಈ ಯಾವ ತಕರಾರೂ ಇಲ್ಲ. ಗೇನ್ ಲೆಕ್ಕ ಸರಿಯಿದ್ದರೆ ಈ ಗಾತ್ರದ ಪೆಟ್ಟಿಗೆಯಲ್ಲಿ ಎರಡು ಪರಿವರ್ತನೆಯ ನಷ್ಟ ಕಿವಿಗೆ ಸಿಗದು.

ಅಳೆದು ಸೇರಿಸುವುದು

ಅಳತೆಗೆ ಕ್ಯಾಲಿಬ್ರೇಟ್ ಮಾಡಿದ ಮೈಕು, ಆರ್‌ಇಡಬ್ಲ್ಯು ಎಂಬ ಉಚಿತ ತಂತ್ರಾಂಶ. ಸ್ಪೀಕರನ್ನು ನೆಲದಿಂದ 1.2 ಮೀಟರ್ ಎತ್ತರದ ಸ್ಟೂಲ್ ಮೇಲೆ, ಗೋಡೆಗಳಿಂದ ದೂರ ಇಟ್ಟು, 1 ಮೀಟರ್ ಮುಂದೆ ಅದೇ ಎತ್ತರದಲ್ಲಿ ಮೈಕು. ನೆಲಕ್ಕೆ ಬಡಿದು ಬರುವ ಸದ್ದು 2.6 ಮೀಟರ್ ನಡೆಯುತ್ತದೆ, ನೇರ ಸದ್ದಿಗಿಂತ 4.7 ಮಿಲಿಸೆಕೆಂಡು ತಡ. ಅದಕ್ಕೂ ಮುಂಚೆ ಅಳತೆಯ ಕಿಟಕಿ ಮುಚ್ಚಿದರೆ, ಅಂದರೆ ಅಳತೆಯನ್ನು ಅಲ್ಲಿಗೇ ಕತ್ತರಿಸಿದರೆ, 215 ಹರ್ಟ್ಸ್‌ನಿಂದ ಮೇಲಿನದು ನಂಬಬಹುದು. ಅದರ ಕೆಳಗಿನದನ್ನು ಮೈಕನ್ನು ಕೋನ್‌ನ ನಡುವಿಗೆ ಅರ್ಧ ಸೆಂಟಿಮೀಟರ್ ಹತ್ತಿರ ತಂದು ಬೇರೆಯಾಗಿ ಅಳೆದು, ಎರಡು ಗೆರೆಗಳನ್ನು ಹೊಲಿಯಬೇಕು. ಕೋಣೆಯ ಮಧ್ಯೆ ಕೂತಲ್ಲಿಂದ ಅಳೆದು ಬಾಸ್ ತಿದ್ದಿದವರು ಸ್ಪೀಕರನ್ನಲ್ಲ, ಆ ಕುರ್ಚಿಯನ್ನು ತಿದ್ದಿರುತ್ತಾರೆ.

ಪೆಟ್ಟಿಗೆಯ ಮುಖದ ಅಗಲ 170 ಮಿಲಿಮೀಟರ್. ರೂಢಿಯ ಸೂತ್ರದಂತೆ 115ನ್ನು 0.17ರಿಂದ ಭಾಗಿಸಿದರೆ 676. ಆ ಹರ್ಟ್ಸ್‌ಗಿಂತ ಮೇಲಿನ ಸದ್ದು ಮುಂದಕ್ಕಷ್ಟೇ ಹೋಗುತ್ತದೆ, ಕೆಳಗಿನದು ಸುತ್ತಲೂ ಹರಡಿ ಸೊರಗಿದಂತೆ ಕೇಳುತ್ತದೆ. ಸಿದ್ಧಾಂತದಲ್ಲಿ ಕೊರತೆ 6 ಡೆಸಿಬಲ್. ಗೋಡೆ ಪಕ್ಕ ಇಡುವ ಪೆಟ್ಟಿಗೆಯಾದ್ದರಿಂದ ಶೆಲ್ಫ್ ಫಿಲ್ಟರ್‌ನಲ್ಲಿ 4 ಡೆಸಿಬಲ್ ಮಾತ್ರ ತುಂಬಲಾಯಿತು.

ಕ್ರಾಸ್‌ಓವರ್ 2600 ಹರ್ಟ್ಸ್, ಎರಡೂ ಕಡೆ ಆಕ್ಟೇವ್‌ಗೆ 24 ಡೆಸಿಬಲ್‌ನ ಲಿಂಕ್‌ವಿಟ್ಜ್-ರೈಲಿ ಫಿಲ್ಟರ್. ವೂಫರ್‌ನ ಸದ್ದು ಹುಟ್ಟುವ ಜಾಗ ಟ್ವೀಟರ್‌ಗಿಂತ ಸುಮಾರು 2 ಸೆಂಟಿಮೀಟರ್ ಹಿಂದಿದೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಅಂದರೆ 7 ಮಿಲಿಮೀಟರ್, ಹಾಗಾಗಿ ಟ್ವೀಟರ್‌ಗೆ 3 ಸ್ಯಾಂಪಲ್ ತಡ. ಸರಿಯಿದೆಯೇ ಎಂದು ನೋಡಲು ಟ್ವೀಟರನ್ನು ಉಲ್ಟಾ ಜೋಡಿಸಿ ಅಳೆಯಬೇಕು. 2600ರಲ್ಲಿ ಗೆರೆಗೆ ಆಳವಾದ ಗುಂಡಿ ಬಿದ್ದರೆ ಹೊಂದಿಕೆ ಸರಿ. 2 ಸ್ಯಾಂಪಲ್‌ನಲ್ಲಿ ಗುಂಡಿ ಓರೆಯಾಗಿ ಮೇಲಕ್ಕೆ ಸರಿದಿತ್ತು, 3ರಲ್ಲಿ ನೇರವಾಗಿ ಕುಸಿಯಿತು. ಆ 33 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿಯೇ ಅಳೆಯಬೇಕು, ಕ್ರಾಸ್‌ಓವರ್ ಬಳಿ ಅದು ಫೇಸನ್ನು ಸುಮಾರು 25 ಡಿಗ್ರಿ ತಿರುಗಿಸಿರುತ್ತದೆ.

ಬಾಸ್: ಎಷ್ಟು, ಎಲ್ಲಿಯವರೆಗೆ

100 ಹರ್ಟ್ಸ್‌ನಲ್ಲಿ ನಿಲ್ಲುವ ಪೆಟ್ಟಿಗೆಯನ್ನು 55ಕ್ಕೆ ಇಳಿಸುವ ಫಿಲ್ಟರ್‌ಗೆ ಲಿಂಕ್‌ವಿಟ್ಜ್ ಟ್ರಾನ್ಸ್‌ಫಾರ್ಮ್ ಎನ್ನುತ್ತಾರೆ. ಪೆಟ್ಟಿಗೆಯ ಸ್ವಂತ ಇಳಿಜಾರನ್ನು ಅಳಿಸಿ ಹೊಸ ಇಳಿಜಾರು ಬರೆಯುವ ಒಂದೇ ಬೈಕ್ವಾಡ್ (ಐದು ಗುಣಾಂಕಗಳ ಡಿಜಿಟಲ್ ಫಿಲ್ಟರ್). ತೀರಾ ತಳದಲ್ಲಿ ಅದು ಕೊಡುವ ಏರಿಕೆ 10 ಡೆಸಿಬಲ್‌ಗೆ ತುಸು ಮೇಲೆ. 40 ಹರ್ಟ್ಸ್‌ನಿಂದ ಕೆಳಗಿನದನ್ನು 24 ಡೆಸಿಬಲ್‌ನ ಹೈಪಾಸ್‌ನಿಂದ ಕಡಿದ ಮೇಲೆ 50 ಹರ್ಟ್ಸ್ ಸುತ್ತ ಉಳಿಯುವುದು ಏಳೂವರೆ. ಕೇಳುವುದಕ್ಕೆ ಸಣ್ಣ ಅಂಕಿ, ಪವರ್‌ನಲ್ಲಿ ಅದು ಐದೂವರೆ ಪಟ್ಟು. 4 ಓಮ್‌ಗೆ 9 ವೋಲ್ಟ್ ಅಂದರೆ 20 ವ್ಯಾಟ್. ಮಧ್ಯದ ಸ್ವರಗಳಿಗೆ ಮೂರೂವರೆ ವ್ಯಾಟ್ ಹೋಗುವಷ್ಟು ಹೊತ್ತಿಗೆ ಬಾಸ್ ಇಡೀ ಆಂಪನ್ನು ನುಂಗಿರುತ್ತದೆ.

ಕೋನ್‌ನ ಮಿತಿಯೂ ಅಲ್ಲೇ ಅಕ್ಕಪಕ್ಕ ಇದೆ. 85 ಚದರ ಸೆಂಟಿಮೀಟರ್ ಕೋನ್ ಒಂದು ದಿಕ್ಕಿಗೆ 5 ಮಿಲಿಮೀಟರ್ ಆಡಿದರೆ, ನೆಲದ ಮೇಲೆ ಇಟ್ಟ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 55 ಹರ್ಟ್ಸ್‌ನಲ್ಲಿ ಸಿಗುವುದು ಸುಮಾರು 91 ಡೆಸಿಬಲ್. ಅದೇ ಆಟಕ್ಕೆ 40 ಹರ್ಟ್ಸ್‌ನಲ್ಲಿ 85 ಮಾತ್ರ. ಒಂದು ಆಕ್ಟೇವ್ ಕೆಳಗಿಳಿದರೆ ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ಆಡಬೇಕು. ಸಾಫ್ಟ್‌ವೇರ್‌ನಿಂದ ಇದನ್ನು ದಾಟಲಾಗದು.

ಸಣ್ಣ ದನಿಯಲ್ಲಿ ಪೂರ್ತಿ ಬೂಸ್ಟ್, ಜೋರಾದಂತೆ ಕಡಿಮೆ, ಇದೇ ಇದರ ಪರಿಹಾರ. ವಾಲ್ಯೂಮ್ ಗುಂಡಿಗೆ ಬೂಸ್ಟನ್ನು ಕಟ್ಟಿದರೆ ಸಾಲದು. ಕೇಳುವವರು ಫೋನ್‌ನಲ್ಲೇ ವಾಲ್ಯೂಮ್ ಬದಲಿಸುತ್ತಾರೆ, ಅದು ಡಿಎಸ್‌ಪಿಗೆ ಗೊತ್ತೇ ಆಗುವುದಿಲ್ಲ. ಹಾಡಿನ ಮಟ್ಟವನ್ನೇ ನೋಡಿ ಬೂಸ್ಟ್ ಇಳಿಸಬೇಕು. ಇಲ್ಲಿ ಬಳಸಿದ ಉಪಾಯ ಇದು: ಟ್ರಾನ್ಸ್‌ಫಾರ್ಮ್ ಫಿಲ್ಟರನ್ನು ದಾರಿಯ ಮಧ್ಯೆ ಇಡದೆ, ಅದರಿಂದ 1 ಕಳೆದು ಉಳಿಯುವ ಭಾಗವನ್ನು ಪಕ್ಕದ ಕವಲಿನಲ್ಲಿ ಇಡುವುದು. ಮೂಲ ಹಾಡು ನೇರ ಹೋಗುತ್ತದೆ, ಕವಲಿನಿಂದ ಬರುವ ಬೂಸ್ಟ್ ಅದಕ್ಕೆ ಕೂಡುತ್ತದೆ. ಕವಲಿನ ಗೇನ್ 1 ಇದ್ದರೆ ಪೂರ್ಣ ಟ್ರಾನ್ಸ್‌ಫಾರ್ಮ್, 0 ಇದ್ದರೆ ಬರೀ ಪೆಟ್ಟಿಗೆ. ನಡುವೆ ಎಲ್ಲಿ ನಿಂತರೂ ಛೇದ ಬದಲಾಗದ ಕಾರಣ ಫಿಲ್ಟರ್ ಸ್ಥಿರವಾಗಿಯೇ ಇರುತ್ತದೆ. ಲೆಕ್ಕವೂ ಸುಲಭ. ಭಿನ್ನರಾಶಿಯ ಮೇಲಿನ (ಅಂಶದ) ಮೂರು ಗುಣಾಂಕಗಳಿಂದ ಕೆಳಗಿನ (ಛೇದದ) ಮೂರನ್ನು ಒಂದಕ್ಕೊಂದು ಕಳೆದರೆ ಹೊಸ ಮೇಲಿನವು ಸಿಗುತ್ತವೆ, ಕೆಳಗಿನವು ಇದ್ದಂತೆಯೇ.

ಎರಡು ಕಡೆ ಎಡವಿದ್ದಾಯಿತು. ಸಿಗ್ಮಾಸ್ಟುಡಿಯೋದಲ್ಲಿ ಫೀಡ್‌ಬ್ಯಾಕ್ ಗುಣಾಂಕಗಳ ಚಿಹ್ನೆ ಪುಸ್ತಕಗಳಲ್ಲಿರುವುದಕ್ಕೆ ಉಲ್ಟಾ. ತಿರುಗಿಸದೆ ಹಾಕಿದರೆ ಫಿಲ್ಟರ್ ಹುಚ್ಚೆದ್ದು ಕೋನನ್ನು ಒಂದೇ ಕಡೆ ತಳ್ಳುತ್ತದೆ, ಈ ಹೆಜ್ಜೆಯಲ್ಲಿ ವೂಫರ್ ಬಿಚ್ಚಿಟ್ಟು ಔಟ್‌ಪುಟ್ಟನ್ನು ಮೀಟರ್‌ನಲ್ಲಿ ನೋಡುವುದು ಕ್ಷೇಮ. ಇನ್ನೊಂದು, ದಶಾಂಶಗಳು. 55 ಹರ್ಟ್ಸ್‌ನ ಫಿಲ್ಟರ್‌ನಲ್ಲಿ ಛೇದದ ಮೂರು ಗುಣಾಂಕ ಕೂಡಿಸಿದರೆ ಬರುವುದು 0.00005 ಮಾತ್ರ. ನಾಲ್ಕು ದಶಾಂಶಕ್ಕೆ ಕತ್ತರಿಸಿ ನಕಲು ಮಾಡಿದರೆ ಆ ಮೊತ್ತವೇ ಮಾಯ, ಫಿಲ್ಟರ್ ಬೇರೆಯದೇ ಆಗಿಬಿಡುತ್ತದೆ. ಎಂಟು ದಶಾಂಶ ಬೇಕೇ ಬೇಕು.

ಕವಲಿನಲ್ಲಿ ಒಂದು ಆರ್‌ಎಂಎಸ್ ಕಂಪ್ರೆಸರ್ (ಸರಾಸರಿ ಮಟ್ಟ ನೋಡಿ ಸದ್ದು ತಗ್ಗಿಸುವುದು). ಅದರ ಅಟ್ಯಾಕ್ (ತಗ್ಗಿಸಲು ತೆಗೆದುಕೊಳ್ಳುವ ಸಮಯ) ಮೊದಲು 2 ಮಿಲಿಸೆಕೆಂಡು ಇತ್ತು, ಬಾಸ್ ಗೊಗ್ಗರಾಗಿ ಕೇಳಿತು. 55 ಹರ್ಟ್ಸ್‌ನ ಒಂದು ಅಲೆಗೇ 18 ಮಿಲಿಸೆಕೆಂಡು ಬೇಕು. ಅದಕ್ಕಿಂತ ಚುರುಕಾದ ಕಂಪ್ರೆಸರ್ ಮಟ್ಟವನ್ನು ಹಿಂಬಾಲಿಸುವ ಬದಲು ಅಲೆಯ ಆಕಾರವನ್ನೇ ತಿದ್ದತೊಡಗುತ್ತದೆ. 40 ಮಿಲಿಸೆಕೆಂಡಿಗೆ ಇಟ್ಟ ಮೇಲೆ ಬಾಸ್ ಸ್ವಚ್ಛವಾಯಿತು. ಆ 40ರೊಳಗೆ ನುಗ್ಗುವ ಹೊಡೆತಗಳನ್ನು ಕೊನೆಯ ಲಿಮಿಟರ್ ಹಿಡಿಯುತ್ತದೆ. ಡಿಎಸ್‌ಪಿಯ ಒಳಗೆ ಪೂರ್ಣ ಮಟ್ಟಕ್ಕಿಂತ 24 ಡೆಸಿಬಲ್ ಮೇಲಿನವರೆಗೂ ಜಾಗ ಇದೆ, ಆದ್ದರಿಂದ ಕವಲು ಕೂಡುವಲ್ಲಿ ಒಡೆಯುವುದಿಲ್ಲ. ಒಡೆಯುವುದೇನಿದ್ದರೂ ಡಿಎಸಿಯ ಬಾಗಿಲಲ್ಲಿ.

ಗುಂಡಿಗಳು, ನೆನಪು

ಮೂರು 10 ಕಿಲೋ ಓಮ್ ಪಾಟ್‌ಗಳು, 3.3 ವೋಲ್ಟ್ ಮತ್ತು ನೆಲದ ನಡುವೆ. ನಡುಗಾಲು ಚಿಪ್ಪಿನ ಎಂಪಿ2, ಎಂಪಿ3, ಎಂಪಿ9ಕ್ಕೆ. ಈ ಕಾಲುಗಳಲ್ಲಿ 8 ಬಿಟ್‌ನ ಚಿಕ್ಕ ಎಡಿಸಿ ಇದೆ. ಒಂದು ವಾಲ್ಯೂಮ್. ಇನ್ನೊಂದು ಬಾಸ್: ಅದು ತಿರುಗಿಸುವುದು ಕವಲಿನ ಗೇನನ್ನು ಮಾತ್ರ, 0ಯಿಂದ 1ರವರೆಗೆ. ಎಷ್ಟು ತಿರುಗಿಸಿದರೂ ಲೆಕ್ಕ ಹಾಕಿದ ಮಿತಿ ಮೀರಲು ಬಾರದು. ಮೂರನೆಯದು ಟ್ರೆಬಲ್, ಅದೇ ಕವಲಿನ ಉಪಾಯ ಹೈಪಾಸ್‌ನೊಂದಿಗೆ. ಪಾಟ್ ಕೈಬಿಟ್ಟ ಮೇಲೂ 8 ಬಿಟ್‌ನ ಕೊನೆಯ ಅಂಕಿ ಅತ್ತಿತ್ತ ನಡುಗುತ್ತದೆ, ತಂಬೂರಿಯಂಥ ಎಳೆದ ನಾದದಲ್ಲಿ ಅದು ‘ಜಿರ್’ ಎಂದು ಕೇಳುತ್ತದೆ. ಈ ಚಿಕ್ಕ ಎಡಿಸಿಯ ರಿಜಿಸ್ಟರ್‌ನಲ್ಲಿ ಹಿಸ್ಟರೆಸಿಸ್ (ಸಣ್ಣ ನಡುಕವನ್ನು ಲೆಕ್ಕಿಸದಿರುವುದು) ಆಯ್ದುಕೊಂಡು, ವಾಲ್ಯೂಮ್‌ಗೆ ಮೆಲ್ಲಗೆ ಜಾರುವ ಬ್ಲಾಕ್ ಹಾಕಿದರೆ ಸರಿ.

ಪ್ರೋಗ್ರಾಂ ಬೋರ್ಡಿನ 24ಸಿ256 ಇಇಪ್ರಾಮ್‌ನಲ್ಲಿ (ನೆನಪಿನ ಚಿಪ್) ಕೂರುತ್ತದೆ. 32768 ಬೈಟ್, ಪುಟಕ್ಕೆ 64 ಬೈಟ್ ಎಂದು ನಮೂದಿಸಿ ಬರೆಯಬೇಕು, ಬರೆಯುವಾಗ ರೈಟ್ ಪ್ರೊಟೆಕ್ಟ್ ಕಾಲು ನೆಲಕ್ಕೆ. ಬರೆದ ಮೇಲೆ ಸೆಲ್ಫ್‌ಬೂಟ್ ಕಾಲನ್ನು ಮೇಲಕ್ಕೆ ಎಳೆದು ಪವರ್ ಕೊಟ್ಟರೆ ಡಿಎಸ್‌ಪಿ ತಾನೇ ಓದಿಕೊಳ್ಳುತ್ತದೆ. ಎಲ್ಲ ಸರಿಯಿದ್ದೂ ಏಳದಿದ್ದರೆ ಪ್ರೋಗ್ರಾಮರ್ ವೈರು ಇನ್ನೂ ಸಿಕ್ಕಿಸಿದೆಯೇ ನೋಡಿ. ಬೂಟ್ ಹೊತ್ತಿನಲ್ಲಿ ಐಟೂಸಿ (ಚಿಪ್‌ಗಳು ಮಾತಾಡುವ) ದಾರಿಗೆ ಡಿಎಸ್‌ಪಿಯೇ ಯಜಮಾನ, ಇನ್ನೊಬ್ಬ ಯಜಮಾನ ಇದ್ದರೆ ಇಬ್ಬರೂ ಕೆಡುತ್ತಾರೆ. ಫೋನ್‌ನಿಂದ ಫಿಲ್ಟರ್ ತಿದ್ದಬೇಕೆಂದು ಇಎಸ್‌ಪಿ32 (ವೈಫೈ ಇರುವ ನಿಯಂತ್ರಕ ಚಿಪ್) ಸೇರಿಸುವವರಿಗೂ ಇದೇ ಎಚ್ಚರ: ಡಿಎಸ್‌ಪಿ ಎದ್ದ ಮೇಲೆ ಅದು ಬಾಯಿ ತೆರೆಯಬೇಕು. ಬೈಕ್ವಾಡ್‌ನ ಐದು ಗುಣಾಂಕಗಳನ್ನು ಸೇಫ್‌ಲೋಡ್ ಮೂಲಕ ಒಟ್ಟಿಗೆ ಬದಲಿಸಬೇಕು, ಒಂದೊಂದಾಗಿ ಬರೆದರೆ ನಡುವಿನ ಗಳಿಗೆಯಲ್ಲಿ ಫಿಲ್ಟರ್ ಪಟಾಕಿ ಹೊಡೆಯುತ್ತದೆ. ಸಿಗ್ಮಾಸ್ಟುಡಿಯೋದಲ್ಲಿ ಒಂದು ಬ್ಲಾಕ್ ಸೇರಿಸಿ ಕಂಪೈಲ್ ಮಾಡಿದರೂ ವಿಳಾಸಗಳು ಬದಲಾಗುತ್ತವೆ, ಹಳೆಯ ವಿಳಾಸಕ್ಕೆ ಬರೆದ ಬಾಸ್ ಗುಣಾಂಕ ಟ್ವೀಟರ್‌ನ ಫಿಲ್ಟರ್‌ಗೆ ಹೋಗಿ ಕೂರಬಹುದು.

ಕಿವಿಯ ಪರೀಕ್ಷೆ

ಕೊನೆಯ ತಿದ್ದುಪಡಿ ಮೈಕಿನಿಂದ ಆಗಲಿಲ್ಲ. ಸಂಗೀತ ಕಛೇರಿಯ ಒಂದು ರೆಕಾರ್ಡಿಂಗ್, ತನಿ ಆವರ್ತನದ ಭಾಗ. ಹಿಂದೆ ತಂಬೂರಿ, ಮುಂದೆ ಮೃದಂಗ. ಕಂಪ್ರೆಸರನ್ನು ಇಡೀ ಹಾಡಿಗೆ ಹಾಕಿ ನೋಡಿದಾಗ ಎಡಗೈಯ ಗುಮ್ಕಿ (ಮೃದಂಗದ ತಗ್ಗಿನ ನಾದ) ಬಿದ್ದಾಗಲೆಲ್ಲ ತಂಬೂರಿ ತಗ್ಗಿ, ಮತ್ತೆ ಏಳುತ್ತಿತ್ತು, ಯಾರೋ ಬಾಗಿಲು ತೆರೆದು ಮುಚ್ಚಿದ ಹಾಗೆ. ಕಂಪ್ರೆಸರ್ ಬಾಸ್ ಕವಲಿನಲ್ಲಿ ಮಾತ್ರ ಇದ್ದಾಗ ತಂಬೂರಿಯ ಮೇಲಿನ ತಂತಿಗಳು ಅಲುಗಲಿಲ್ಲ. ಖರಜದ (ಎಲ್ಲಕ್ಕಿಂತ ತಗ್ಗಿನ) ತಂತಿ ಮಾತ್ರ ವಾಲ್ಯೂಮ್ ಮುಕ್ಕಾಲು ದಾಟಿದ ಮೇಲೆ ಗುಮ್ಕಿಯ ಹಿಂದೆ ತುಸು ಕುಗ್ಗುತ್ತಿತ್ತು. ರಿಲೀಸನ್ನು (ಕಂಪ್ರೆಸರ್ ಬಿಟ್ಟುಕೊಡುವ ಸಮಯ) 300ರಿಂದ 800 ಮಿಲಿಸೆಕೆಂಡಿಗೆ ಏರಿಸಿದಾಗ ಏಳುಬೀಳು ನಿಂತು, ಬಾಸ್ ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಲ್ಲತೊಡಗಿತು. ಥ್ರೆಶೋಲ್ಡ್ (ಕಂಪ್ರೆಸರ್ ಕೆಲಸ ಶುರುಮಾಡುವ ಮಟ್ಟ) ಇನ್ನೂ 3 ಡೆಸಿಬಲ್ ಮೇಲಕ್ಕೆ ಒಯ್ದರೆ ಖರಜ ಪೂರ್ತಿ ಉಳಿಯುತ್ತದೆ, ಆದರೆ ಆಗ ಗುಮ್ಕಿಗೆ ಕೋನ್ ತಳ ಬಡಿದು ‘ಟಪ್’ ಎನ್ನುತ್ತದೆ. ಥ್ರೆಶೋಲ್ಡನ್ನು ಇದ್ದಲ್ಲೇ ಬಿಡಲಾಯಿತು.